ಹೆರಾನ್ಸ್ ಕ್ಲಬ್ಬಿನ ಹಳೇ ನೀರು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಯಾರೋ ಹೊಸದಾಗಿ ಕೋಲ್ಡ್ ಸ್ಟೋರೇಜ್ ಕಟ್ಟಿದ್ದಾರೆ. ಅಲ್ಲಿ ಪ್ಲಾಂಟ್ ಆಪರೇಟರ್ ಕೆಲಸಕ್ಕೆ ಸೇರಿದ ಐಟಿಐ ಹುಡುಗರು ನನ್ನನ್ನು ಹುಡುಕಿಕೊಂಡು ಬಂದು, "ಸಾ, ನೀವು ಇಂಗ್ಲೆಂಡಲ್ಲಿ ಐಸ್ ಕೆಲ್ಸ ಮಾಡ್ದೋರಂತೆ, ಒಸಿ ಯೇಳಿ" ಎಂದರು. ಹೇಳಿದೆ. ಅರ್ಧಕ್ಕೇ ಎದ್ದು ಹೋದರು. ಅವರಿಗೆ ಬೇಕಾಗಿದ್ದದ್ದು ವೀಸಾ ಸಿಗುವ ದಾರಿ. ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುರಿದುಂಬಿಸುವ ಮಾತು ಇದರಲ್ಲಿ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಈ ಕಸುಬಿನಲ್ಲಿ ನಾವು ಮಾಡಿದ್ದು ಯಾವುದೂ ಉಳಿಯುವುದಿಲ್ಲ. ವರ್ಷಕ್ಕೊಂದು ಸಲ ನಮ್ಮ ಕೈಯಿಂದಲೇ ಅದನ್ನು ಕರಗಿಸುತ್ತಾರೆ. ಅಷ್ಟು ಗೊತ್ತಿದ್ದೂ ಬರುವವರು ಬನ್ನಿ.

ನಾನು ಕೆಲಸ ಕಲಿತದ್ದು ಟಿ. ನರಸೀಪುರದ ಒಂದು ಐಸ್ ಫ್ಯಾಕ್ಟರಿಯಲ್ಲಿ. ಮೀನಿನವರು, ಸೋಡಾ ಅಂಗಡಿಯವರು, ಮದುವೆ ಮನೆಯವರು ಗಡ್ಡೆ ಐಸಿಗೆ ಅಲ್ಲಿಗೇ ಬರುತ್ತಿದ್ದರು. ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು. ಅದನ್ನು ಅಮೋನಿಯಾ ಯಂತ್ರ ತಂಪು ಮಾಡುತ್ತದೆ. ಅದರೊಳಗೆ ನೀರು ತುಂಬಿದ ಡಬ್ಬಗಳನ್ನು ಇಳಿಬಿಟ್ಟರೆ ಮಾರನೆಯ ದಿನಕ್ಕೆ ಗಡ್ಡೆ. ಉಸ್ತಾದ್ ಖಾದರ್ ಸಾಬರು ಗಂಧಕದ ಬತ್ತಿ ಹಚ್ಚಿ ಪೈಪಿನ ಉದ್ದಕ್ಕೂ ಹಿಡಿದುಕೊಂಡು ಹೋಗುತ್ತಿದ್ದರು. ಅಮೋನಿಯಾ ಸೋರುವ ಕಡೆ ಬಿಳಿ ಹೊಗೆ ಏಳುತ್ತಿತ್ತು. "ಮೀಟ್ರು ಸುಳ್ಳೇಳ್ತದೆ ಕಣ್ಲಾ ಮಾದೇವ, ಮೂಗು ಸುಳ್ಳೇಳಕಿಲ್ಲ" ಎನ್ನುತ್ತಿದ್ದರು. ಕೊನೆಗೆ ಅವರ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಅಮೋನಿಯಾ ಅದನ್ನು ಸುಟ್ಟುಹಾಕಿತ್ತು. ಆಮೇಲೆ ಮೂಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ನನ್ನ ಹೆಂಡತಿ ಸುಶೀಲಾ ಮೈಸೂರಿನಲ್ಲಿ ನರ್ಸ್. ಇಂಗ್ಲೆಂಡಿನ ಆಸ್ಪತ್ರೆಗಳು ಇಲ್ಲಿಂದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಅವಳಿಗೆ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಹೋದೆ. ಉತ್ತರದ ಕಡೆಯ ಒಂದು ಬಂದರು ಊರು. ಹೆಸರು ಬೇಡ, ಅಲ್ಲಿನವರು ಇನ್ನೂ ಬದುಕಿದ್ದಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳಿಕೊಂಡಿದ್ದ ನನಗೆ ಐಸ್ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಮೇಲೆ ಆಡುವ ಅಂಗಳದಲ್ಲಿ, ಕೆಲಸ ಖಾಲಿ ಇದೆ ಎಂದು ತಿಳಿಯಿತು. ಅಮೋನಿಯಾ ಎಂದರೆ ಅಲ್ಲಿನ ಹುಡುಗರು ಮೂಗು ಮುಚ್ಚಿಕೊಂಡು ಓಡಿಹೋಗುತ್ತಿದ್ದರು. ನಾನು ಒಳಗೆ ಕಾಲಿಟ್ಟಾಗ ಆ ವಾಸನೆ ಬಂದು ಕಣ್ಣಲ್ಲಿ ನೀರು ಬಂತು. ನರಸೀಪುರದ ವಾಸನೆ ಅದು.

ಐಸ್ ಹಾಕಿ ಅಂದರೆ ನಮ್ಮ ಹಾಕಿಯೇ. ಚೆಂಡಿನ ಬದಲು ರಬ್ಬರಿನ ಬಿಲ್ಲೆ, ಶೂಗಳಿಗೆ ಕತ್ತಿಯಂಥ ಬ್ಲೇಡು, ಆಟದ ಮಧ್ಯೆ ಮಧ್ಯೆ ಹೊಡೆದಾಟ. ನಮ್ಮ ಕ್ಲಬ್ಬಿನ ಹೆಸರು ಹೆರಾನ್ಸ್. ಹೆರಾನ್ ಅಂದರೆ ಕಪಿಲೆಯ ದಡದಲ್ಲಿ ಒಂಟಿ ಕಾಲಲ್ಲಿ ನಿಲ್ಲುತ್ತದಲ್ಲ, ಆ ಕೊಕ್ಕರೆ. ಹಿಂದೆ ಕೆನಡಾದಿಂದ ಹಡಗಿನಲ್ಲಿ ಬಂದ ಆಟಗಾರರು, ಬಂದರಿನ ಕೂಲಿಗಳು ಸೇರಿ ಕಟ್ಟಿದ ಕ್ಲಬ್ಬಂತೆ. ಟ್ರಾಮುಗಳನ್ನು ನಿಲ್ಲಿಸುತ್ತಿದ್ದ ಒಂದು ಶೆಡ್ಡಿನಲ್ಲಿ ರಿಂಕ್ ಮಾಡಿಕೊಂಡಿದ್ದರು. ಆಗ ಶನಿವಾರ ಬಂತೆಂದರೆ ಊರೇ ಅಲ್ಲಿ ಇರುತ್ತಿತ್ತಂತೆ. ನಾನು ಹೋಗುವ ಹೊತ್ತಿಗೆ ಬಂದರು ಮುಚ್ಚಿತ್ತು. ಆಟಗಾರರು ಸಂಬಳದವರು, ಕ್ಲಬ್ಬಿಗೆ ಮಾಲೀಕರು, ಶೆಡ್ಡಿನ ಮಾಡು ಸೋರುತ್ತಿತ್ತು, ಅರ್ಧ ಕುರ್ಚಿಗಳು ಖಾಲಿ.

ಅಲ್ಲಿನ ಹಿರಿಯ ಐಸ್‌ಮನ್ ರಾನ್. ಅವನ ಇಂಗ್ಲಿಷ್ ಇಂಗ್ಲೆಂಡಿನವರಿಗೇ ಅರ್ಧ ಅರ್ಥವಾಗುತ್ತಿರಲಿಲ್ಲ. ಅವನ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ನನ್ನ ತಲೆಯೊಳಗೆ ಅದು ಉಳಿದಿರುವುದೇ ಹಾಗೆ.

ರಾನ್ ನನಗೆ ಕಲಿಸಿದ ಕೆಲಸ ಹೇಳುತ್ತೇನೆ, ಕೇಳಿ. ಕಾಂಕ್ರೀಟ್ ನೆಲದೊಳಗೆ ಪೈಪುಗಳು, ಅವುಗಳಲ್ಲಿ ತಣ್ಣನೆಯ ಉಪ್ಪುನೀರು. ಬೇಸಿಗೆ ಮುಗಿಯುತ್ತಾ ಬಂದಾಗ ನೆಲವನ್ನು ತಣ್ಣಗೆ ಮಾಡಿ ಅದರ ಮೇಲೆ ನೀರು ಚಿಮುಕಿಸಬೇಕು. ಒಂದು ಪದರ ಗಟ್ಟಿಯಾಗುವ ತನಕ ಇನ್ನೊಂದು ಹಾಕಬಾರದು. ಆಮೇಲೆ ಬಿಳಿ ಬಣ್ಣ, ಕೆಂಪು ನೀಲಿ ಗೆರೆಗಳು, ಮಧ್ಯದಲ್ಲಿ ಕೊಕ್ಕರೆಯ ಚಿತ್ರ. ಮಂಡಿಯೂರಿ ಬ್ರಷ್ಷಿನಲ್ಲಿ ಬರೆಯುತ್ತಿದ್ದೆವು. ಅದರ ಮೇಲೆ ಮತ್ತೆ ಪದರದ ಮೇಲೆ ಪದರ ನೀರು, ದಿನಗಟ್ಟಲೆ. ಋತು ಮುಗಿದ ಮೇಲೆ ಯಂತ್ರ ನಿಲ್ಲಿಸಿ ಅಷ್ಟನ್ನೂ ಕರಗಿಸಿ ಮೋರಿಗೆ ಬಿಡುತ್ತಿದ್ದೆವು. ಮೊದಲ ವರ್ಷ ಕೊಕ್ಕರೆ ಕರಗಿ ನೀಲಿ ನೀರಾಗಿ ಹರಿದು ಹೋಗುವಾಗ ನನಗೆ ನೋಡಲಾಗಲಿಲ್ಲ.

ಕರಗಿಸುವ ಮೊದಲು ರಾನ್ ಒಂದು ಕೆಲಸ ಮಾಡುತ್ತಿದ್ದ. ಆಟ ಶುರುವಾಗುವ ನಡುಚುಕ್ಕೆಯ ಮೇಲಿನ ಐಸನ್ನು ಕೆರೆದು ಬಕೆಟ್ಟಿಗೆ ತುಂಬಿ, ಕರಗಿಸಿ, ಬಟ್ಟೆಯಲ್ಲಿ ಸೋಸಿ ಒಂದು ಡಬ್ಬದಲ್ಲಿ ಇಟ್ಟುಕೊಳ್ಳುತ್ತಿದ್ದ. ಹೊಸ ಐಸಿಗೆ ಚಿಮುಕಿಸುವ ಮೊದಲ ನೀರಿಗೆ ಅದನ್ನು ಬೆರೆಸುತ್ತಿದ್ದ. ಅವನಿಗೆ ಅವನ ಹಿಂದಿನ ಐಸ್‌ಮನ್ ಕೊಟ್ಟದ್ದಂತೆ, ಆತನಿಗೆ ಅವನ ಹಿಂದಿನವನು.

"ಓದ್ಸಲದ ಐಸು ಕಣಪ್ಪ ಇದು. ಇದ್ರೊಳ್ಗೆ ಅದ್ಕೂ ಇಂದಿಂದು ಅದೆ. ಮೊದ್ಲು ಆಡ್ದೋರ ಕಾಲ್ದ್ದೂ ಒಸಿ ಇದ್ದೇ ಇರ್ತದೆ. ಮಾಲೀಕ್ರು ಬತ್ತಾರೆ, ಓಯ್ತಾರೆ. ಈ ನೀರು ಬಿತ್ತಾ, ಅದು ಹೆರಾನ್ಸು. ಬೀಳ್ನಿಲ್ವಾ, ಬರೀ ಐಸು" ಎಂದ.

ನಾನು ನಕ್ಕೆ. ನಮ್ಮ ಮನೆಯಲ್ಲೂ ನಿನ್ನೆಯ ಮಜ್ಜಿಗೆಯನ್ನು ಇವತ್ತಿನ ಹಾಲಿಗೆ ಹಾಕುತ್ತಾರೆ, ಅದಕ್ಕೆ ಇಷ್ಟೊಂದು ಮಾತು ಯಾಕೆ ಅನ್ನಿಸಿತು. ಆದರೆ ಆ ನೀರು ಸುರಿಯುವ ದಿನ ಊರಿನ ಹಳೇ ಅಭಿಮಾನಿಗಳು ಬಂದು ಟೋಪಿ ತೆಗೆದು ನಿಂತಿದ್ದರು. ರಿಂಕಿನಲ್ಲಿ ಟೀ ಅಂಗಡಿ ಇಟ್ಟಿದ್ದ ಮೌರೀನ್ ಕೌಂಟರಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಅವಳ ಅಪ್ಪ ಹೆರಾನ್ಸಿಗೆ ಆಡಿದವನು. ನೀರು ಬಿದ್ದ ಮೇಲೆ ಅವಳು ಕಣ್ಣೊರೆಸಿಕೊಂಡು ಹೋಗಿ ಎಲ್ಲರಿಗೂ ಟೀ ಕೊಟ್ಟಳು. ಮುಂದಿನ ವರ್ಷದಿಂದ ನಾನು ನಗಲಿಲ್ಲ.

ಮಾಲೀಕರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಕಸುಬಿನಲ್ಲಿ ನಿಮ್ಮ ಹಣೆಬರಹ ಬರೆಯುವವರು ಅವರು. ಮೊದಲನೆಯವನು ಸೋಫಾ ವ್ಯಾಪಾರಿ. ಯಾರೋ ದೊಡ್ಡ ಮನುಷ್ಯರು ಬರುತ್ತಾರೆಂದು ಮೊದಲ ಪಂದ್ಯವನ್ನು ಗೊತ್ತಾದ ದಿನಕ್ಕಿಂತ ಮುಂಚೆಯೇ ಇಟ್ಟ. ಐಸ್ ಇನ್ನೂ ಕೂತಿಲ್ಲ, ಆಗುವುದಿಲ್ಲ ಎಂದು ರಾನ್ ಹೇಳಿದ. ಸೋಫಾದವನು ಕೇಳಲಿಲ್ಲ. ಗೋಡೌನಿನ ತನ್ನ ಆಳುಗಳನ್ನು ಕರೆಸಿ ಪೈಪು ಹಿಡಿಸಿ ಒಂದೇ ಸಲಕ್ಕೆ ನೀರು ಬಿಡಿಸಿದ. ಒಳಗೆ ಗಾಳಿ ಸಿಕ್ಕಿಕೊಂಡಿತು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಐಸ್ ಚಕ್ಕೆ ಎದ್ದು, ನಮ್ಮ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆಯುತ್ತಿದ್ದ ಕೆನಡಾದ ಹುಡುಗನ ಬ್ಲೇಡು ಅದರಲ್ಲಿ ಸಿಕ್ಕಿ ಪಾದದ ಕೀಲು ಮುರಿಯಿತು. ಅವನು ಬಿದ್ದು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಆ ಋತುವಿನಲ್ಲಿ ನಾವು ಕಟ್ಟಕಡೆಗೆ ಬಂದೆವು. ಜನ ಬರುವುದು ನಿಂತಿತು. ಸೋಫಾದವನು ಐಸ್‌ಮನ್‌ಗಳ ಮೇಲೆ ತಪ್ಪು ಹೊರಿಸಿ ಕ್ಲಬ್ಬನ್ನು ಕೈಬಿಟ್ಟ.

ಆ ಮಾತಿಗೆ ರಾನ್ ಕುಗ್ಗಿಹೋದ. ಕೆಲಸ ಬಿಡುವ ದಿನ ಡಬ್ಬವನ್ನು ನನ್ನ ಕೈಗೆ ಕೊಟ್ಟ. ಡಬ್ಬ ತುಕ್ಕು ಹಿಡಿದಿದ್ದರಿಂದ ನೀರನ್ನು ಒಂದು ಪ್ಲಾಸ್ಟಿಕ್ ಕ್ಯಾನಿಗೆ ಹಾಕಿಕೊಂಡೆ. ಐಸಿನ ಮೇಲೆ ಓಡಿಸಿ ನಯ ಮಾಡುವ ನಮ್ಮ ಗಾಡಿ ಬ್ಯಾಟರಿಯದ್ದು, ಅದಕ್ಕೆ ಹಾಕುವ ಬ್ಯಾಟರಿ ನೀರಿನ ಖಾಲಿ ಕ್ಯಾನುಗಳು ಪ್ಲಾಂಟ್ ರೂಮಿನಲ್ಲಿ ಬೇಕಾದಷ್ಟು ಬಿದ್ದಿರುತ್ತಿದ್ದವು.

"ಮಡ್ಗೀಯಾ?" ಎಂದು ರಾನ್ ಕೇಳಿದ.

"ಮಡ್ಗ್ತೀನಿ ಬುಡಣ್ಣ" ಎಂದೆ. ಇಂಗ್ಲಿಷಿನಲ್ಲಿ ಏನಂದೆನೋ, ಮನಸ್ಸಿನಲ್ಲಿ ಅಂದದ್ದು ಹಾಗೆ.

ಮರು ವರ್ಷವೇ ಅವನು ತೀರಿಕೊಂಡ. ಶವದ ಪೆಟ್ಟಿಗೆಯ ಮೇಲೆ ಹೆರಾನ್ಸಿನ ಸ್ಕಾರ್ಫ್ ಹೊದಿಸಿದ್ದರು. ಆಗ ಕ್ಲಬ್ಬೇ ಇರಲಿಲ್ಲ. ರಿಂಕಿನ ಬಾಗಿಲಿಗೆ ಬೀಗ ಬಿದ್ದಿತ್ತು. ಸಾಲ ಕೊಟ್ಟವರ ಕಡೆಯ ಕಾವಲುಗಾರನ ಮುಂದೆ ಚಳಿಯಲ್ಲಿ ಕೈಮುಗಿದು ನಿಂತು, ಒಳಗೆ ಉಳಿದುಹೋಗಿದ್ದ ಆ ಒಂದು ಕ್ಯಾನ್ ನೀರು ತೆಗೆದುಕೊಂಡು ಹೋಗಲು ಬಿಡು ಎಂದು ಬೇಡಿದ್ದೇನೆ. ಅವನು ಕ್ಯಾನನ್ನು ತಿರುಗಿಸಿ ಮುರುಗಿಸಿ, ಮೂಸಿ ನೋಡಿ, ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿ ಕೊಟ್ಟ.

ಕ್ಯಾನು ನಮ್ಮ ಮನೆಯ ಅಡುಗೆ ಕಟ್ಟೆಯ ಕೆಳಗೆ ಕೂತಿತು. ಆ ದಿನಗಳಲ್ಲಿ ದೂರದ ಊರಿನ ಒಂದು ಡೈರಿಯವರು ನನ್ನನ್ನು ಕರೆದರು. ಒಳ್ಳೆಯ ಕೆಲಸ, ಕಾಯಂ. ಸುಶೀಲಳಿಗೂ ಅಲ್ಲಿ ಆಸ್ಪತ್ರೆಯಲ್ಲಿ ಜಾಗ ಇತ್ತು. ನಾನು ಹೋಗಲಿಲ್ಲ. ಯಾರಾದರೂ ರಿಂಕ್ ತೆಗೆದರೆ ನೀರು ಹಾಕಲು ನಾನು ಇರಬೇಕಲ್ಲ ಎಂದೆ.

"ಏನ್ರೀ ಆಗಿದೆ ನಿಮ್ಗೆ? ಒಂದ್ ಕ್ಯಾನ್ ಕೊಳೆ ನೀರ್ಗೋಸ್ಕರ ಯಾರಾದ್ರೂ ಇಂಥಾ ಕೆಲ್ಸ ಬಿಡ್ತಾರಾ?"

"ಮಾತ್ ಕೊಟ್ಟಿದೀನಿ ಕಣೆ."

"ನಂಗೂ ಕೊಟ್ಟಿದ್ರಿ" ಎಂದು ಡ್ಯೂಟಿಗೆ ಹೋದಳು. ನಾನು ಗೋಡೌನೊಂದರಲ್ಲಿ ಪೆಟ್ಟಿಗೆ ಹೊತ್ತುಕೊಂಡು ಕಾದೆ.

ಎರಡು ಚಳಿಗಾಲ ಕಳೆದ ಮೇಲೆ ಇನ್ನೊಬ್ಬ ಮಾಲೀಕ ಬಂದ. ಅವನಿಗೆ ಕೊಕ್ಕರೆ ಹಿಡಿಸಲಿಲ್ಲ, ಅದು ಸೋಲುವ ಹಕ್ಕಿಯಂತೆ ಕಾಣುತ್ತದಂತೆ. ಕ್ಲಬ್ಬಿಗೆ ಆಂಕರ್ಸ್ ಎಂದು ಹೆಸರಿಟ್ಟ. ಕೈಯಲ್ಲಿ ಚಿತ್ರ ಬರೆಯುವುದೂ ಹೋಯಿತು. ಬಟ್ಟೆಯ ಮೇಲೆ ಲಂಗರಿನ ಚಿತ್ರ ಅಚ್ಚು ಹಾಕಿಸಿಕೊಂಡು ಬಂದು ಐಸಿನ ಮೇಲೆ ಹಾಸಿ ನೀರು ಬಿಡುವುದು, ಅಷ್ಟೇ. ಹಳೇ ನೀರಿನ ಶಾಸ್ತ್ರವೂ ಬೇಡ, ನಿಂತ ನೀರಿನಲ್ಲಿ ರೋಗದ ಹುಳ ಇರುತ್ತದೆ, ನಿಯಮ ಒಪ್ಪುವುದಿಲ್ಲ ಎಂದರು. ನಾನು ಬೆಳಿಗ್ಗೆ ಬೇಗ ಹೋಗಿ, ನೀರನ್ನು ಕುದಿಸಿ ಆರಿಸಿ, ಯಾರೂ ನೋಡದಂತೆ ಐಸಿಗೆ ಚಿಮುಕಿಸುವ ನೀರಿನ ಟ್ಯಾಂಕಿಗೆ ಸುರಿದೆ. ಮೌರೀನ್ ಟೀ ಕೊಡುವ ನೆಪದಲ್ಲಿ ಬಂದಳು.

"ಹಾಕಿದ್ಯೇನಪ್ಪಾ ದೇವ್?"

"ಹಾಕ್ದೆ ಕಣಕ್ಕ."

"ಅಷ್ಟ್ ಸಾಕು. ಅವ್ರು ಏನ್ ಬೇಕಾದ್ರೂ ಕರ್ಕೊಳ್ಲಿ."

ಆಂಕರ್ಸ್ ಹೆಸರಿಗೆ ಜನ ಬರಲಿಲ್ಲ. ಆ ಮಾಲೀಕನೂ ಹೋದ, ಮುಂದೆ ಬಂದವನು ಹೆರಾನ್ಸ್ ಹೆಸರನ್ನು ವಾಪಸ್ ತಂದ. ಊರಿನವರು ಕುಣಿದರು. ಅವನು ತಂದದ್ದು ಇನ್ನೊಂದೂ ಇತ್ತು, ಕಂಪ್ಯೂಟರ್. ಯಂತ್ರದ ಬಿಸಿ ತಂಪನ್ನೆಲ್ಲ ಬೇರೆ ಊರಿನ ಯಾವುದೋ ಆಫೀಸಿನಿಂದ ನೋಡಿಕೊಳ್ಳುತ್ತಾರೆ, ಕರೆಂಟ್ ಉಳಿಯುತ್ತದೆ ಎಂದರು. ಒಂದು ಶನಿವಾರ ಅಲ್ಲಿ ಕೂತವನು ರಿಂಕ್ ಖಾಲಿ ಇದೆ ಎಂದುಕೊಂಡು ತಂಪು ಕಡಿಮೆ ಮಾಡಿದ. ಇಲ್ಲಿ ಆಟ ನಡೆಯುತ್ತಿತ್ತು. ಐಸ್ ಅಂಬಲಿಯಾಯಿತು. ನಾನು ಫೋನ್ ಮಾಡಿದರೆ, ಸ್ಕ್ರೀನಿನಲ್ಲಿ ಎಲ್ಲ ಸರಿಯಾಗಿದೆಯಲ್ಲ ಎಂದ. ನನ್ನ ಕಾಲು ನೀರಿನಲ್ಲಿದೆ ಮಾರಾಯ ಎಂದೆ. ಪಂದ್ಯ ರದ್ದಾಯಿತು. ಬಂದವರು ಬೈದುಕೊಂಡು ಮನೆಗೆ ಹೋದರು, ಎಷ್ಟೋ ಜನ ತಿರುಗಿ ಬರಲೇ ಇಲ್ಲ. ನೀವು ಸೇರುವ ಕಡೆಯೂ ಆ ಸ್ಕ್ರೀನ್ ಇರುತ್ತದೆ. ಮೂಗಿಗೆ ವಾಸನೆ ಬಂದರೂ ಅದರಲ್ಲಿ ಕಾಣದಿದ್ದರೆ ನಿಮ್ಮ ಮಾತು ನಡೆಯುವುದಿಲ್ಲ.

ಕೊನೆಗೆ ತಪಾಸಣೆಯವರು ಬಂದು, ಪೈಪುಗಳು ಸವೆದಿವೆ, ಯಂತ್ರ ನಿಲ್ಲಿಸಿ ಅಮೋನಿಯಾ ತೆಗೆದುಬಿಡಿ ಎಂದರು. ಹೊಸ ಯಂತ್ರ ಹಾಕಿಸಲು ಮಾಲೀಕನಿಗೂ ಮನಸ್ಸಿಲ್ಲ, ಪುರಸಭೆಗೂ ಮನಸ್ಸಿಲ್ಲ. ತಾತ್ಕಾಲಿಕವಾಗಿ ಮುಚ್ಚಲಾಗಿದೆ ಎಂದು ಬೋರ್ಡ್ ಹಾಕಿದರು. ಕಡೆಯ ಐಸನ್ನು ಕರಗಿಸಿದವನು ನಾನೇ. ನಡುಚುಕ್ಕೆ ಕೆರೆದು, ಸೋಸಿ, ಕ್ಯಾನಿಗೆ ತುಂಬಿಕೊಂಡೆ. ಉಳಿದದ್ದು ಮೋರಿಗೆ ಹೋಗುವುದನ್ನು ನಾನೂ ಮೌರೀನೂ ನಿಂತು ನೋಡಿದೆವು.

ಸುಶೀಲಳಿಗೂ ನಿವೃತ್ತಿಯಾಯಿತು. ನಂಜನಗೂಡಿಗೆ ಬಂದು ತಮ್ಮ ಸಿದ್ದರಾಜುವಿನ ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಿಕೊಂಡೆವು. ಕ್ಯಾನನ್ನು ಕಂಬಳಿಯಲ್ಲಿ ಸುತ್ತಿ ವಿಮಾನದಲ್ಲಿ ತಂದೆ. ಹೊಸ ರಿಂಕ್ ಬೇಕೆಂದು ಮೌರೀನ್ ಅಲ್ಲಿ ಸಹಿ ಸಂಗ್ರಹ ಮಾಡುತ್ತಿದ್ದಳು, ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದಳು. ಪ್ರತಿ ಸಲವೂ ಕಡೆಗೆ ಒಂದೇ ಪ್ರಶ್ನೆ, ನೀರು ಇದೆಯಾ. ಇದೆ ಎನ್ನುತ್ತಿದ್ದೆ. ಬೆಳಿಗ್ಗೆ ಕಪಿಲೆಯ ಸೇತುವೆಯ ಮೇಲೆ ವಾಕಿಂಗ್ ಹೋದಾಗ ಕೊಕ್ಕರೆ ಕಂಡರೆ ಅದು ಹಾರಿಹೋಗುವ ತನಕ ನಿಂತು ನೋಡುತ್ತಿದ್ದೆ. ನಾನು ಬದುಕಿನಲ್ಲಿ ಮಾಡಿದ್ದರಲ್ಲಿ ಕರಗದೆ ಉಳಿದದ್ದು ಆ ಒಂದು ಕ್ಯಾನ್ ಎಂದುಕೊಂಡಿದ್ದೆ.

ಕಳೆದ ತಿಂಗಳು ಹಗಲು ಹೊತ್ತಿನಲ್ಲಿ ಫೋನ್ ಬಂತು. ಮೌರೀನ್. ಊರಾಚೆ ಒಂದು ಚಿಕ್ಕ ರಿಂಕ್ ಆಗಿದೆ, ಹೆರಾನ್ಸ್ ಮತ್ತೆ ಆಡುತ್ತದೆ, ಸಂಬಳವಿಲ್ಲದ ಹುಡುಗರು, ಆದರೂ ಹೆರಾನ್ಸ್. ಮುಂದಿನ ವಾರ ಮೊದಲ ಐಸ್ ಹಾಕುತ್ತಾರೆ, ನೀರು ಬೇಕು. ಸುಶೀಲಳ ಜೊತೆ ಕೆಲಸ ಮಾಡಿದ ಮೈಸೂರಿನ ನರ್ಸ್ ಒಬ್ಬಳು ರಜೆಗೆ ಬಂದಿದ್ದಳು, ನಾಡಿದ್ದು ವಾಪಸ್ ಹೊರಟಿದ್ದಳು. ಅವಳ ಲಗೇಜಿನಲ್ಲಿ ಕಳಿಸುತ್ತೇನೆ ಎಂದೆ. ಇಷ್ಟು ವರ್ಷದಲ್ಲಿ ನಾನು ಅಷ್ಟು ಸಂತೋಷಪಟ್ಟಿದ್ದು ನೆನಪಿಲ್ಲ.

ಮೆಟ್ಟಿಲ ಕೆಳಗಿನ ಕಪಾಟಿನಿಂದ ಕ್ಯಾನ್ ಎತ್ತಿದೆ. ಅದು ಹಗುರವಾಗಿತ್ತು.

ಸುಶೀಲಳಿಗೂ ಏನೂ ಗೊತ್ತಿರಲಿಲ್ಲ. ಸಿದ್ದರಾಜು ಫ್ಯಾಕ್ಟರಿಯಿಂದ ಬರುವ ತನಕ ಕಾದು ಕೇಳಿದೆ.

"ಓ ಅದಾ ಅಣ್ಣ? ಅದ್ನ ಯುಪಿಎಸ್ ಬ್ಯಾಟ್ರಿಗೆ ಉಯ್ದೆ. ಶಿವರಾತ್ರಿ ಇಂದೆ ಕರೆಂಟು ಓಗಿ ಓಗಿ ಬತ್ತಿತ್ತಲ್ಲ, ಬ್ಯಾಟ್ರೀಲಿ ನೀರ್ ಕಮ್ಮಿ ಆಗಿತ್ತು. ಕ್ಯಾನ್ ಮ್ಯಾಲೆ ಬ್ಯಾಟ್ರಿ ನೀರು ಅಂತ ಬರ್ದಿತ್ತು. ಅಣ್ಣ ಫಾರಿನ್ನಿಂದ ಒಳ್ಳೇದ್ನೇ ತಂದವ್ನೆ ಅಂದ್ಕೊಂಡೆ."

ಲೇಬಲ್ ಸರಿಯಾಗಿಯೇ ಇತ್ತು. ಅದರ ಮೇಲೆ ಬರೆದಿದ್ದ ಕೆಲಸಕ್ಕೇ ಅವನು ಅದನ್ನು ಬಳಸಿದ್ದ. ಆ ಬ್ಯಾಟರಿ ಬೇಗ ಕೆಟ್ಟಾಗ, ಮಾಲು ಸರಿ ಇಲ್ಲವೆಂದು ಅಂಗಡಿಯವನ ಜೊತೆ ಜಗಳ ಆಡಿ ಬದಲಾಯಿಸಿಕೊಂಡು ಬಂದಿದ್ದವನು ನಾನೇ. ಹೆರಾನ್ಸಿನ ನೀರನ್ನು ನನ್ನ ಕೈಯಾರೆ ಆಟೋದಲ್ಲಿ ಹೊತ್ತುಕೊಂಡು ಹೋಗಿ ಆ ಅಂಗಡಿಯ ಗುಜರಿ ರಾಶಿಗೆ ಹಾಕಿ ಬಂದಿದ್ದೆ.

"ಏನಾರ ತಪ್ಪಾಯ್ತಾ ಅಣ್ಣ?"

"ಇಲ್ಲ ಓಗು, ಊಟ ಮಾಡು" ಎಂದೆ. ಅವನಿಗೆ ಏನೆಂದು ಹೇಳಲಿ? ಮಾಲೀಕರು, ಸಾಲ ಕೊಟ್ಟವರು, ಬೀಗಗಳು, ನಿಯಮಗಳು ಎಲ್ಲವನ್ನೂ ದಾಟಿ ಬಂದ ನೀರು, ನಾವು ಸೀರಿಯಲ್ ನೋಡುತ್ತಿದ್ದಾಗ ಕರೆಂಟಾಗಿ ಹೋಗಿತ್ತು.

ಮಾರನೆಯ ದಿನ ಮೌರೀನಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಮೆಲ್ಲಗೆ, ಮಗುವನ್ನು ಸಮಾಧಾನ ಮಾಡುವವಳಂತೆ ಹೇಳಿದಳು.

"ಅಳ್ಬೇಡ ದೇವ್. ನಿಂಗೊಂದು ಹೇಳ್ತೀನಿ, ಯಾರ್ಗೂ ಹೇಳ್ಬೇಡ. ನೀನ್ ಬರೋಕೆ ಮುಂಚೆ ಒಂದ್ಸಲ ಕಸ ಗುಡಿಸೋನು ಆ ಡಬ್ಬ ಮೋರಿಗೆ ಸುರ್ದುಬಿಟ್ಟಿದ್ದ. ರಾನ್ ಬಂದು ನನ್ ಟೀ ಅಂಗಡಿ ನಲ್ಲೀಲಿ ತುಂಬಿಸ್ಕೊಂಡ. ಅಳ್ತಾ ಇದ್ದ. ನಾನು ನೋಡ್ದೆ, ಸುಮ್ನಿದ್ದೆ. ಜನ ಟೋಪಿ ತೆಗ್ದು ನಿಂತಿದ್ದು ಆ ನಲ್ಲಿ ನೀರ್ಗೇ. ನೀನೂ ಯಾವ್ದಾದ್ರೂ ನೀರು ತುಂಬಿಸಿ ಕಳ್ಸು. ಇಲ್ಲಿ ಎಲ್ರೂ ಕಾಯ್ತಾ ಇದಾರೆ."

ಅವಳು ಹೇಳಿದ್ದು ನನ್ನ ಸಮಾಧಾನಕ್ಕೆ. ನನಗೆ ಕಾಲ ಕೆಳಗಿನ ನೆಲವೇ ಹೋಯಿತು. ಕಾವಲುಗಾರನಿಗೆ ಕೈಮುಗಿದದ್ದು, ಡೈರಿ ಕೆಲಸ ಬಿಟ್ಟದ್ದು, ಸುಶೀಲಳ ಮುಖ ನೋಡಲಾಗದೆ ಗೋಡೌನಿಗೆ ಹೋಗುತ್ತಿದ್ದದ್ದು, ಎಲ್ಲ ಟೀ ಅಂಗಡಿಯ ನಲ್ಲಿ ನೀರಿಗೆ. ರಾನ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಡಬ್ಬ ಕೈಗೆ ಕೊಟ್ಟು ಮಡ್ಗೀಯಾ ಎಂದು ಕೇಳಿದ್ದ. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಸಂಜೆಯೊಳಗೆ ನರ್ಸ್ ಹುಡುಗಿ ಮೈಸೂರಿನಿಂದ ಬಂದು ಕ್ಯಾನ್ ಒಯ್ಯುವವಳಿದ್ದಳು. ಮೌರೀನ್ ಕಾಯುತ್ತಿದ್ದಾಳೆ, ಟೋಪಿ ತೆಗೆಯುವವರು ಕಾಯುತ್ತಿದ್ದಾರೆ. ಕ್ಯಾನನ್ನು ಬಟ್ಟೆಯಲ್ಲಿ ಒರೆಸಿ ಹಿತ್ತಲಿನ ನಲ್ಲಿಯ ಕೆಳಗೆ ಇಟ್ಟೆ. ನಲ್ಲಿ ತಿರುಗಿಸಿದೆ. ಬುಸ್ಸೆಂದು ಗಾಳಿ ಬಂತು, ಅದೂ ನಿಂತಿತು.

ಒಳಗಿನಿಂದ ಸುಶೀಲಾ, "ಇವತ್ತು ನಮ್ ಬೀದೀಗೆ ನೀರ್ ಬಿಡೋ ದಿನ ಅಲ್ಲ ಕಣ್ರೀ, ನಾಳೆ" ಎಂದಳು.

ನಾನು ನಲ್ಲಿಯ ಕೆಳಗೆ ಕ್ಯಾನ್ ಹಿಡಿದುಕೊಂಡು ಹಾಗೇ ಕೂತಿದ್ದೆ.